ಅಡಿಕೆಗೆ ಹೋದ ಬಂದೂಕು

ಗಡಿ ದಾಟಿ ಊಟಕ್ಕೆ ಹೋದ ಒಬ್ಬ ಮನುಷ್ಯ ಒಂದು ಹಕ್ಕನ್ನೇ ಕಳೆದುಕೊಂಡ. ಇದು ಕಟ್ಟುಕಥೆಯಲ್ಲ, ಅಮೆರಿಕದ ಸುಪ್ರೀಂ ಕೋರ್ಟಿನ ದಾಖಲೆಯಲ್ಲಿರುವ ಸಂಗತಿ.

1998ರ ಮಾರ್ಚ್ ತಿಂಗಳು. ಟೆಕ್ಸಾಸ್ ರಾಜ್ಯದ ಗಡಿ ಊರು ಲರೇಡೊ. ಅಲ್ಲೊಂದು ಬಂದೂಕು ಮೇಳ. ಥಾಮಸ್ ಲಾಮಾರ್ ಬೀನ್ ಎಂಬ ಬಂದೂಕು ವ್ಯಾಪಾರಿ ಅಲ್ಲಿಗೆ ಬಂದಿದ್ದ. ಲೈಸೆನ್ಸ್ ಇತ್ತು, ವ್ಯಾಪಾರ ಕಾನೂನುಬದ್ಧ. ಸಂಜೆ ಸಹಾಯಕರ ಜೊತೆ ಗಡಿಯಾಚೆಯ ಮೆಕ್ಸಿಕೊಗೆ ಊಟಕ್ಕೆ ಹೊರಟ. ಹೊರಡುವ ಮೊದಲು, ಗಾಡಿಯಲ್ಲಿರುವ ಬಂದೂಕು, ಗುಂಡು ಎಲ್ಲ ತೆಗೆದಿಡಿ ಅಂತ ಹೇಳಿದ್ದ. ಅವರು ತೆಗೆದರು. ಆದರೆ ಒಂದು ಡಬ್ಬಿ ಹಿಂದುಗಡೆ ಉಳಿದುಹೋಯಿತು. ಅದರಲ್ಲಿ ಸುಮಾರು 200 ಗುಂಡು. ಗಡಿಯಲ್ಲಿ ಮೆಕ್ಸಿಕೊ ಅಧಿಕಾರಿಗಳು ಹಿಡಿದರು. ಗುಂಡು ಆಮದು ಮಾಡಿದ ಅಪರಾಧಕ್ಕೆ ಐದು ವರ್ಷ ಜೈಲು. ಕೆಲವು ತಿಂಗಳ ನಂತರ ಒಪ್ಪಂದದ ಪ್ರಕಾರ ಅವನನ್ನು ಅಮೆರಿಕಕ್ಕೆ ಕಳಿಸಿದರು, ಬಿಡುಗಡೆಯೂ ಆಯಿತು.

ಮನೆಗೆ ಬಂದ. ಆದರೆ ಬಂದೂಕು ಮುಟ್ಟುವ ಹಾಗಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧ ಸಾಬೀತಾಗಿದೆಯಲ್ಲ, ಆದ್ದರಿಂದ ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಆಜೀವ ನಿಷೇಧ. ಅವನು ಯಾರಿಗೂ ಹೊಡೆದಿರಲಿಲ್ಲ, ಯಾರನ್ನೂ ಹೆದರಿಸಿರಲಿಲ್ಲ.

ಹಿಂಸೆಯೇ ಇಲ್ಲದ ಅಪರಾಧ ಮಾಡಿ, ಶಿಕ್ಷೆ ಪೂರ್ತಿ ಅನುಭವಿಸಿ ಬಂದವನಿಗೆ ಬಂದೂಕಿನ ಹಕ್ಕು ವಾಪಸ್ ಕೊಡಬೇಕೋ ಬೇಡವೋ? ಇವತ್ತಿನ ಪ್ರಶ್ನೆ ಇದು. ಅಮೆರಿಕದವರ ತಲೆನೋವು ನಮಗ್ಯಾಕೆ ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ. ಶಿಕ್ಷೆ ಅನ್ನೋದು ಯಾವತ್ತು ಮುಗಿಯುತ್ತದೆ ಎಂಬ ಪ್ರಶ್ನೆ ಎಲ್ಲ ದೇಶಕ್ಕೂ ಸೇರಿದ್ದು.

ಮೊದಲು ಒಂದು ತಪ್ಪು ತಿಳಿವಳಿಕೆ ದೂರ ಮಾಡೋಣ. ಅಮೆರಿಕ ಹುಟ್ಟಿದಂದಿನಿಂದ ಈ ನಿಷೇಧ ಇದೆ ಅಂತ ಅಲ್ಲಿನವರೇ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. 1938ರ ಒಕ್ಕೂಟ ಕಾನೂನು ತಡೆದದ್ದು ಹಿಂಸಾಪರಾಧ ಮಾಡಿದವರನ್ನು ಮಾತ್ರ. ಕೊಲೆ, ದರೋಡೆ, ಅಪಹರಣ ಇಂಥವು. ನಕಲಿ ಸಹಿ ಹಾಕಿದವನು, ಲೆಕ್ಕದಲ್ಲಿ ಮೋಸ ಮಾಡಿದವನು ಆ ಪಟ್ಟಿಯಲ್ಲಿ ಇರಲಿಲ್ಲ. 1961ರಲ್ಲಿ ಆ ಗೆರೆ ಅಳಿಸಿಹೋಯಿತು. ಹಿಂಸೆ ಇರಲಿ, ಇಲ್ಲದಿರಲಿ, ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಯಾವ ಅಪರಾಧವಾದರೂ ನಿಷೇಧ ಅಂತಾಯಿತು.

ಆಮೇಲೆ ಬಂತು ರಕ್ತದ ದಶಕ. 1963ರಲ್ಲಿ ಅಧ್ಯಕ್ಷ ಕೆನಡಿ ಹತ್ಯೆ. ಆಸ್ವಾಲ್ಡ್ ಆ ರೈಫಲ್ಲನ್ನು ಸುಳ್ಳು ಹೆಸರಿನಲ್ಲಿ, ಅಂಚೆ ಮೂಲಕ, ಶಿಕಾಗೋ ಅಂಗಡಿಯಿಂದ ತರಿಸಿಕೊಂಡಿದ್ದ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ. ದೇಶ ತತ್ತರಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದೂಕು ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದರು. ಇವತ್ತಿಗೂ ನಡೆಯುತ್ತಿರುವುದು ಅದೇ ಚೌಕಟ್ಟು.

ಗಮನಿಸಿ, ಕಾನೂನು ನೋಡುವುದು ನಿಮಗೆ ಎಷ್ಟು ಶಿಕ್ಷೆ ಆಯಿತು ಅಂತ ಅಲ್ಲ. ಎಷ್ಟು ಆಗಬಹುದಿತ್ತು ಅಂತ. ನ್ಯಾಯಾಧೀಶರು ದಯೆ ತೋರಿಸಿ ದಂಡ ಹಾಕಿ ಬಿಟ್ಟಿರಬಹುದು, ನೀವು ಒಂದು ರಾತ್ರಿಯೂ ಜೈಲಿನಲ್ಲಿ ಮಲಗದೇ ಇರಬಹುದು. ಲೆಕ್ಕಕ್ಕಿಲ್ಲ. ಆಮೇಲೆ ಬಂದೂಕು ಇಟ್ಟುಕೊಂಡು ಸಿಕ್ಕಿಬಿದ್ದರೆ ಈಗ 15 ವರ್ಷದವರೆಗೆ ಜೈಲು.

ಈ ಇತಿಹಾಸದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಒಂದು ಅಧ್ಯಾಯ ಇದೆ. ಹಕ್ಕು ವಾಪಸ್ ಕೊಡುವ ಬಾಗಿಲನ್ನು ಅಮೆರಿಕದ ಸಂಸತ್ತು ಮೊದಲು ತೆರೆದದ್ದು ಯಾರಿಗಾಗಿ ಗೊತ್ತಾ? ತಪ್ಪು ಮಾಡಿ ತಿದ್ದಿಕೊಂಡ ಬಡಪಾಯಿಗಲ್ಲ, ಒಂದು ಕಂಪನಿಗೆ. ವಿಂಚೆಸ್ಟರ್ ರೈಫಲ್ ಹೆಸರು ಕೇಳಿದ್ದೀರಲ್ಲ, ಅದರ ಮಾಲೀಕ ಕಂಪನಿ ಓಲಿನ್ ಮ್ಯಾಥಿಸನ್. ಲಂಚದ ಪ್ರಕರಣವೊಂದರಲ್ಲಿ ಅದು ತಪ್ಪೊಪ್ಪಿಕೊಂಡಿತು. ಕಾನೂನಿನ ಕಣ್ಣಲ್ಲಿ ಕಂಪನಿಯೂ ಒಬ್ಬ ವ್ಯಕ್ತಿ. ಅಂದರೆ ಬಂದೂಕು ತಯಾರಿಸುವ ಕಂಪನಿಯೇ ಬಂದೂಕು ಮುಟ್ಟುವ ಹಾಗಿಲ್ಲ! ಈ ಸಂಕಟ ಬಿಡಿಸಲು 1965ರಲ್ಲಿ ಹೊಸ ಅವಕಾಶ ಮಾಡಿದರು. ನಿಷೇಧಕ್ಕೊಳಗಾದವರು ಅರ್ಜಿ ಹಾಕಬಹುದು, ಇವರಿಂದ ಸಾರ್ವಜನಿಕರಿಗೆ ಅಪಾಯವಿಲ್ಲ ಅಂತ ಸರ್ಕಾರಕ್ಕೆ ಮನವರಿಕೆಯಾದರೆ ಹಕ್ಕು ವಾಪಸ್. ಮುಂದೆ 1968ರ ಕಾಯ್ದೆಯಲ್ಲೂ ಅದು ಉಳಿಯಿತು, ಕ್ರಮೇಣ ಸಾಮಾನ್ಯ ಜನರೂ ಅದೇ ಬಾಗಿಲು ತಟ್ಟತೊಡಗಿದರು.

ಇನ್ನೊಂದು ಮಾತು ಸೇರಿಸ್ತೀನಿ. ಕಂಪನಿಗಳು ಗುಟ್ಟಾಗಿ ಸೇರಿ ಬೆಲೆ ನಿಗದಿ ಮಾಡುವುದು, ಸ್ಪರ್ಧೆಯನ್ನು ಕತ್ತು ಹಿಸುಕುವುದು, ಇಂಥ ವ್ಯಾಪಾರಿ ಅಪರಾಧಗಳನ್ನು ಕಾಯ್ದೆಯೇ ನಿಷೇಧದಿಂದ ಹೊರಗಿಟ್ಟಿದೆ. ಕೋಟಿಗಟ್ಟಲೆ ಗ್ರಾಹಕರ ಜೇಬು ಕತ್ತರಿಸಿದವನ ಬಂದೂಕು ಭದ್ರ. ಸುಳ್ಳು ಅರ್ಜಿ ತುಂಬಿ ಪಡಿತರ ಪಡೆದವನದ್ದು ಜಪ್ತಿ.

ಈ ಬಾಗಿಲು ಮುಚ್ಚಿದ್ದು 1992ರಲ್ಲಿ. ಹಕ್ಕು ವಾಪಸ್ ಪಡೆದವರಲ್ಲಿ ಕೆಲವರು ಮತ್ತೆ ಅಪರಾಧ ಮಾಡಿ ಸಿಕ್ಕಿಬಿದ್ದರು. ಅಪರಾಧಿಗಳ ಕೈಗೆ ಬಂದೂಕು ಕೊಡಲು ನಮ್ಮ ತೆರಿಗೆ ದುಡ್ಡು ಯಾಕೆ ಅಂತ ಗಲಾಟೆಯಾಯಿತು. ಸಂಸತ್ತು ಏನು ಮಾಡಿತು? ಕಾನೂನನ್ನು ರದ್ದು ಮಾಡಲಿಲ್ಲ. ಬಜೆಟ್ಟಿನಲ್ಲಿ ಒಂದು ಸಾಲು ಸೇರಿಸಿತು: ಇಂಥ ಅರ್ಜಿ ಪರಿಶೀಲಿಸಲು ಇಲಾಖೆ ಒಂದು ಪೈಸೆಯನ್ನೂ ಖರ್ಚು ಮಾಡಕೂಡದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಯ ಸಂಬಳವನ್ನೇ ನಿಲ್ಲಿಸಿದರು. ಆ ಸಾಲು ಪ್ರತಿ ವರ್ಷ ಬಜೆಟ್ಟಿನಲ್ಲಿ ಮತ್ತೆ ಮತ್ತೆ ಬಂತು. ಮಜಾ ನೋಡಿ, ಮರುವರ್ಷದಿಂದಲೇ ಅದರ ಜೊತೆ ಒಂದು ವಿನಾಯಿತಿ ಸೇರಿತು: ಕಂಪನಿಗಳ ಅರ್ಜಿಯಾದರೆ ಪರಿಶೀಲಿಸಬಹುದು!

ನಮ್ಮ ಬೀನ್ ಬಂದು ತಲೆ ಬಡಿದುಕೊಂಡದ್ದು ಈ ಗೋಡೆಗೇ. ಅರ್ಜಿ ಹಾಕಿದ. ದುಡ್ಡಿಲ್ಲ, ನೋಡಲು ಆಗೋದಿಲ್ಲ ಅಂತ ಇಲಾಖೆ ವಾಪಸ್ ಕಳಿಸಿತು. ಬೀನ್ ಕೋರ್ಟಿಗೆ ಹೋದ. ಕೆಳಗಿನ ಎರಡು ಕೋರ್ಟುಗಳಲ್ಲಿ ಗೆದ್ದ. 2002ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತ. ತರ್ಕ ಕೇಳಿ. ಇಲಾಖೆ ಅರ್ಜಿ ತಿರಸ್ಕರಿಸಿದರೆ ಮಾತ್ರ ಕೋರ್ಟಿಗೆ ಬರಬಹುದು. ಇಲಾಖೆ ತಿರಸ್ಕರಿಸಿಲ್ಲ, ಸುಮ್ಮನೆ ನೋಡಿಲ್ಲ, ಅಷ್ಟೇ. ತಿರಸ್ಕಾರ ಇಲ್ಲದ ಮೇಲೆ ಮೇಲ್ಮನವಿ ಎಲ್ಲಿಂದ? ಸರ್ಕಾರಿ ಕಚೇರಿ ಮೆಟ್ಟಿಲು ಹತ್ತಿದ ಯಾವ ಕನ್ನಡಿಗನಿಗೂ ಈ ಅನುಭವ ವಿವರಿಸಿ ಹೇಳಬೇಕಿಲ್ಲ. ಆಗಲ್ಲ ಅಂತ ಬರೆದುಕೊಡಲ್ಲ, ಆಗುತ್ತೆ ಅಂತಲೂ ಬರೆದುಕೊಡಲ್ಲ. ಫೈಲು ಮಾತ್ರ ಅಲ್ಲೇ ಕೂತಿರುತ್ತದೆ.

ಇನ್ನೊಂದು ವಿಚಿತ್ರ. ಮೂರೇ ವರ್ಷಕ್ಕೆ, 2005ರಲ್ಲಿ, ಜಪಾನಿನಲ್ಲಿ ಶಿಕ್ಷೆಯಾದವನೊಬ್ಬನ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ವಿದೇಶಿ ಕೋರ್ಟುಗಳ ಶಿಕ್ಷೆ ಈ ನಿಷೇಧಕ್ಕೆ ಲೆಕ್ಕಕ್ಕಿಲ್ಲ ಎಂದು ತೀರ್ಪು ಕೊಟ್ಟಿತು. ಬೀನ್‌ಗೆ ಮೊದಲೇ ಈ ಮಾತು ಸಿಕ್ಕಿದ್ದರೆ ಅಷ್ಟೆಲ್ಲ ಅಲೆದಾಟವೇ ಬೇಕಿರಲಿಲ್ಲ.

ಹಾಗಾದರೆ ಬೇರೆ ದಾರಿಯೇ ಇಲ್ಲವಾ? ಇದೆ. ರಾಜ್ಯದ ಕೋರ್ಟಿನಲ್ಲಿ ಶಿಕ್ಷೆಯಾಗಿದ್ದರೆ ಆ ರಾಜ್ಯವೇ ಕ್ಷಮೆ ಕೊಡಬಹುದು, ದಾಖಲೆ ಅಳಿಸಬಹುದು, ನಾಗರಿಕ ಹಕ್ಕು ಮರಳಿಸಬಹುದು. ಒಕ್ಕೂಟದ ಕೋರ್ಟಿನಲ್ಲಿ ಶಿಕ್ಷೆಯಾದವನಿಗೆ ಅಧ್ಯಕ್ಷರ ಕ್ಷಮಾದಾನವೇ ಗತಿ. ಅಂದರೆ ಒಂದೇ ತಪ್ಪು ಮಾಡಿದ ಇಬ್ಬರಲ್ಲಿ ಯಾರಿಗೆ ಹಕ್ಕು ಮರಳುತ್ತದೆ ಅನ್ನೋದು ಅವರು ಯಾವ ರಾಜ್ಯದಲ್ಲಿದ್ದರು ಎಂಬುದರ ಮೇಲೆ ನಿಂತಿದೆ.

ಎರಡು ಪ್ರಕರಣ ಪಕ್ಕಪಕ್ಕ ಇಟ್ಟು ನೋಡೋಣ. ಒಂದು ಪೆನ್ಸಿಲ್ವೇನಿಯಾದ್ದು. 1995ರಲ್ಲಿ ರೇಂಜ್ ಎಂಬಾತ ಹುಲ್ಲು ಕತ್ತರಿಸುವ ಕೆಲಸ ಮಾಡಿಕೊಂಡಿದ್ದ. ಗಂಟೆಗೆ ಒಂಬತ್ತು, ಒಂಬತ್ತೂವರೆ ಡಾಲರ್ ಕೂಲಿ. ಮನೆಯಲ್ಲಿ ಮೂರು ಸಣ್ಣ ಮಕ್ಕಳು. ಆಹಾರ ಕೂಪನ್ ಅರ್ಜಿಯಲ್ಲಿ ಆದಾಯ ಕಮ್ಮಿ ತೋರಿಸಿದ ಅಪರಾಧ. ಮೊತ್ತ 2,458 ಡಾಲರ್. ಒಂದು ದಿನ ಜೈಲಿಲ್ಲ. ಮೂರು ವರ್ಷ ನಿಗಾ, 100 ಡಾಲರ್ ದಂಡ, ತೆಗೆದುಕೊಂಡದ್ದನ್ನೆಲ್ಲ ವಾಪಸ್ ಕಟ್ಟಿದ. ಆ ರಾಜ್ಯದಲ್ಲಿ ಇದಕ್ಕೆ ಗರಿಷ್ಠ ಐದು ವರ್ಷ ಶಿಕ್ಷೆ ಇದ್ದದ್ದರಿಂದ ಬಂದೂಕಿಗೆ ಆಜೀವ ನಿಷೇಧ. ಜಿಂಕೆ ಬೇಟೆಗೆ ಹೋಗುವ ಮನುಷ್ಯ ರೈಫಲ್ ಇಡುವ ಹಾಗಿಲ್ಲ. ಎರಡನೆಯದು ಯೂಟಾ ರಾಜ್ಯದ ಮಹಿಳೆಯದ್ದು. ಮಾದಕ ವ್ಯಸನಕ್ಕೆ ಬಿದ್ದು, ಮನೆಯಿಲ್ಲದೆ ಬೀದಿಯಲ್ಲಿದ್ದಾಗ ದಿನಸಿ ಅಂಗಡಿಯಲ್ಲಿ 498 ಡಾಲರಿನ ನಕಲಿ ಚೆಕ್ ಕೊಟ್ಟು ಸಿಕ್ಕಿಬಿದ್ದರು. ಆಮೇಲೆ ವ್ಯಸನ ಬಿಟ್ಟರು, ಓದಿದರು, ಸಮಾಜ ಕಾರ್ಯಕರ್ತೆಯಾದರು.

ಫಲಿತಾಂಶ? ರೇಂಜ್ ಗೆದ್ದ. ಫಿಲಡೆಲ್ಫಿಯಾದ ಮೇಲ್ಮನವಿ ಕೋರ್ಟ್ 2023ರಲ್ಲಿ 11ಕ್ಕೆ 4, ಮತ್ತೆ ವಿಚಾರಣೆ ನಡೆದು 2024ರ ಡಿಸೆಂಬರ್‌ನಲ್ಲಿ 13ಕ್ಕೆ 2 ಮತಗಳಿಂದ ಅವನ ಪರ ನಿಂತಿತು. ಯೂಟಾದ ಮಹಿಳೆಗೆ 2025ರ ಫೆಬ್ರವರಿಯಲ್ಲಿ ಡೆನ್ವರ್‌ನ ಮೇಲ್ಮನವಿ ಕೋರ್ಟ್ ಆಗಲ್ಲ ಎಂದಿತು. ಒಂದೇ ಸಂವಿಧಾನ, ಒಂದೇ ಬಗೆಯ ಸಣ್ಣ ಮೋಸ, ಒಂದೇ ಚಳಿಗಾಲ. ಉತ್ತರ ಮಾತ್ರ ಎರಡು.

ಇಷ್ಟು ಗೊಂದಲ ಯಾಕೆ? 2022ರಲ್ಲಿ ಸುಪ್ರೀಂ ಕೋರ್ಟ್ ಬ್ರೂಯೆನ್ ತೀರ್ಪಿನಲ್ಲಿ ಒಂದು ಹೊಸ ಅಳತೆಗೋಲು ಕೊಟ್ಟಿತು. ಬಂದೂಕಿನ ಯಾವುದೇ ನಿರ್ಬಂಧ ದೇಶದ ಇತಿಹಾಸ, ಸಂಪ್ರದಾಯಕ್ಕೆ ಹೊಂದಬೇಕು ಅಂತ. ಅಲ್ಲಿಂದ ಅಮೆರಿಕದ ವಕೀಲರೆಲ್ಲ ಇತಿಹಾಸಕಾರರಾಗಿಬಿಟ್ಟರು. ಹದಿನೆಂಟನೇ ಶತಮಾನದ ಕಾಯ್ದೆ ಪುಸ್ತಕಗಳ ಧೂಳು ಕೊಡವಿದ್ದೇ ಕೊಡವಿದ್ದು. ನಾವೂ ಎರಡು ಪುಟ ತಿರುವೋಣ.

ಮೊದಲ ಪುಟ 1787ರದ್ದು. ಮ್ಯಾಸಚೂಸೆಟ್ಸ್‌ನಲ್ಲಿ ಸಾಲ, ತೆರಿಗೆಯಿಂದ ಬೆಂದ ರೈತರು ಡೇನಿಯಲ್ ಶೇಸ್ ನೇತೃತ್ವದಲ್ಲಿ ದಂಗೆ ಎದ್ದಿದ್ದರು. ಕೋರ್ಟುಗಳನ್ನು ಮುಚ್ಚಿಸಿದರು, ಶಸ್ತ್ರಾಗಾರಕ್ಕೇ ನುಗ್ಗಲು ಹೋದರು. ಇದಕ್ಕಿಂತ ದೊಡ್ಡ ಹಿಂಸೆ ಬೇಕಾ? ದಂಗೆ ಮುರಿದ ಮೇಲೆ ಸರ್ಕಾರ ಕ್ಷಮೆಗೆ ಷರತ್ತು ಹಾಕಿತು. ನಿಷ್ಠೆಯ ಪ್ರಮಾಣ ಮಾಡಿ, ಬಂದೂಕು ಒಪ್ಪಿಸಿ. ಮೂರು ವರ್ಷ ಜೂರಿಯಲ್ಲಿ ಕೂರುವ ಹಾಗಿಲ್ಲ, ಶಾಲೆಯಲ್ಲಿ ಪಾಠ ಹೇಳುವ ಹಾಗಿಲ್ಲ, ಛತ್ರ ನಡೆಸುವ ಹಾಗಿಲ್ಲ. ಮೂರು ವರ್ಷ ನೆಟ್ಟಗಿದ್ದರೆ? ಬಂದೂಕು ವಾಪಸ್! ಬಂದೂಕು ಹಿಡಿದು ಸರ್ಕಾರದ ಮೇಲೆ ಎದ್ದವನಿಗೆ ಅಂದು ಮೂರು ವರ್ಷ. ಕೂಪನ್ ಅರ್ಜಿಯಲ್ಲಿ ಸುಳ್ಳು ಬರೆದವನಿಗೆ ಇಂದು ಸಾಯುವವರೆಗೆ.

ಎರಡನೆಯ ಪುಟ ಕಪ್ಪು ಪುಟ. 1865ರಲ್ಲಿ ಗುಲಾಮಗಿರಿ ಹೋಯಿತು. ಅದೇ ವರ್ಷ ಮಿಸಿಸಿಪ್ಪಿ ರಾಜ್ಯ ಕಾನೂನು ಮಾಡಿತು: ಬಿಡುಗಡೆಯಾದ ಕಪ್ಪು ಜನ ಪರವಾನಗಿಯಿಲ್ಲದೆ ಬಂದೂಕು, ಗುಂಡು, ಕಠಾರಿ ಇಟ್ಟುಕೊಳ್ಳಕೂಡದು. ಪರವಾನಗಿ ಕೊಡುವವರು ಯಾರು? ಅದೇ ಹಳೇ ಒಡೆಯರ ಮಂಡಳಿ. ಅಪಾಯಕಾರಿ ಜನ ಎಂಬ ಪದ ಯಾರ ಬಾಯಲ್ಲಿರುತ್ತದೆ, ಯಾರ ಕಡೆ ಬೊಟ್ಟು ಮಾಡುತ್ತದೆ ಅನ್ನೋದನ್ನು ಈ ಪುಟ ಹೇಳುತ್ತದೆ. ಇವತ್ತಿನ ಲೆಕ್ಕಕ್ಕೆ ಬನ್ನಿ. 2010ರ ಅಂಕಿಗಳ ಮೇಲೆ ನಡೆದ ಅಧ್ಯಯನದ ಅಂದಾಜು: ಅಮೆರಿಕದ ವಯಸ್ಕರಲ್ಲಿ ಶೇ. 8ರಷ್ಟು ಜನರ ಮೇಲೆ ಗಂಭೀರ ಅಪರಾಧದ ಮುದ್ರೆ ಇದೆ. ಕಪ್ಪು ಗಂಡಸರಲ್ಲಿ ಶೇ. 33. ಮೂವರಲ್ಲಿ ಒಬ್ಬ! ಹಾಗಾಗಿ ಈ ನಿಷೇಧ ಕಾಗದದ ಮೇಲೆ ಎಲ್ಲರಿಗೂ ಒಂದೇ, ನೆಲದ ಮೇಲೆ ಅಲ್ಲ.

ಈಗ ಇನ್ನೊಂದು ಪಕ್ಷದ ಮಾತು. ಅದನ್ನು ಹೇಳದೇ ಹೋದರೆ ಇದು ವಾದವಾಗುತ್ತದೆ, ಇತಿಹಾಸವಾಗುವುದಿಲ್ಲ. 2022ರಲ್ಲಿ ಅಮೆರಿಕದಲ್ಲಿ ಬಂದೂಕಿಗೆ ಸತ್ತವರು 48 ಸಾವಿರಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಇಂಥ ದೇಶದಲ್ಲಿ ಇನ್ನಷ್ಟು ಕೈಗಳಿಗೆ ಬಂದೂಕು ಕೊಡಿ ಅನ್ನೋದು ಸುಲಭದ ಮಾತಲ್ಲ. ಮತ್ತೆ, ಹಿಂಸೆಯಿಲ್ಲದ ಅಪರಾಧ ಅಂದಾಕ್ಷಣ ನಿರಪಾಯ ಅಂತಲ್ಲ. ಮಾದಕ ವಸ್ತು ಮಾರಾಟ ಕಾಗದದ ಮೇಲೆ ಹಿಂಸೆಯಿಲ್ಲದ ಅಪರಾಧ. ಆ ವ್ಯಾಪಾರದ ಬೀದಿಯಲ್ಲಿ ಏನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು.

ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದ ಜೇಮ್ಸ್ ಅರ್ಲ್ ರೇ ವಿಷಯವನ್ನೇ ತೆಗೆದುಕೊಳ್ಳಿ. 1955ರಲ್ಲಿ ಅವನಿಗೆ ಶಿಕ್ಷೆಯಾದದ್ದು ಕದ್ದ ಮನಿಯಾರ್ಡರ್‌ಗಳ ಮೋಸಕ್ಕೆ. ರಕ್ತದ ಹನಿಯಿಲ್ಲದ ಅಪರಾಧ. ನಾಲ್ಕೇ ವರ್ಷಕ್ಕೆ ಬಂದೂಕು ತೋರಿಸಿ ದಿನಸಿ ಅಂಗಡಿ ದೋಚಿದ. ಜೈಲಿನಿಂದ ತಪ್ಪಿಸಿಕೊಂಡು ಬಂದು 1968ರಲ್ಲಿ ಏನು ಮಾಡಿದ ಅಂತ ಜಗತ್ತಿಗೇ ಗೊತ್ತು. ಸಣ್ಣ ಮೋಸಗಾರ ದೊಡ್ಡ ಕೊಲೆಗಾರನಾಗಲಾರ ಅಂತ ಯಾರೂ ಗ್ಯಾರಂಟಿ ಬರೆದುಕೊಡಲಾರರು. ಆದರೆ ಅದೇ ಕಥೆಯ ಇನ್ನೊಂದು ಮುಖವನ್ನೂ ನೋಡಿ. ಆ ಹೊತ್ತಿಗೆ ನಿಷೇಧ ಇತ್ತು. ರೇ ಅಂಗಡಿಗೆ ಹೋಗಿ ಸುಳ್ಳು ಹೆಸರು ಕೊಟ್ಟು ರೈಫಲ್ ಕೊಂಡ. ಕಾನೂನು ಅವನನ್ನು ತಡೆಯಲಿಲ್ಲ. ಕಾನೂನು ತಡೆಯುವುದು ಕಾನೂನಿಗೆ ಹೆದರುವವನನ್ನು.

2019ರ ಒಂದು ಪ್ರಕರಣದಲ್ಲಿ ಈ ಗಂಟನ್ನು ಚೆನ್ನಾಗಿ ಬಿಡಿಸಿಟ್ಟವರು ಏಮಿ ಕೋನಿ ಬ್ಯಾರೆಟ್. ಆಗಿನ್ನೂ ಸುಪ್ರೀಂ ಕೋರ್ಟಿಗೆ ಬಂದಿರಲಿಲ್ಲ. ಶೂ ಒಳಗೆ ಹಾಕುವ ಅಟ್ಟೆಯ ವ್ಯಾಪಾರಿಯೊಬ್ಬ ಸರ್ಕಾರಿ ಆರೋಗ್ಯ ಯೋಜನೆಗೆ ಮೋಸ ಮಾಡಿ ಶಿಕ್ಷೆ ಅನುಭವಿಸಿದ್ದ. ಉಳಿದ ಇಬ್ಬರು ನ್ಯಾಯಾಧೀಶರು ನಿಷೇಧ ಸರಿ ಎಂದರೆ, ಬ್ಯಾರೆಟ್ ಭಿನ್ನಮತ ಬರೆದರು. ಅವರ ವಾದದ ತಿರುಳು: ಅಪಾಯಕಾರಿಯ ಕೈಯಿಂದ ಬಂದೂಕು ಕಿತ್ತುಕೊಳ್ಳುವ ಅಧಿಕಾರ ಸರ್ಕಾರಕ್ಕೆ ಇದೆ, ಗುಣವಂತನಲ್ಲ ಎಂಬ ಕಾರಣಕ್ಕೆ ಕಿತ್ತುಕೊಳ್ಳುವ ಅಧಿಕಾರ ಇಲ್ಲ. ಅಪಾಯವೇ ಬೇರೆ, ದುರ್ಗುಣವೇ ಬೇರೆ. ಇಡೀ ಚರ್ಚೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಈಗ ನಮ್ಮನೆ ಕಡೆ ನೋಡೋಣ. ಭಾರತದಲ್ಲಿ ಬಂದೂಕು ಮೂಲಭೂತ ಹಕ್ಕಲ್ಲ, ಲೈಸೆನ್ಸು. ಆ ವ್ಯತ್ಯಾಸ ದೊಡ್ಡದು. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಉಳಿದವರೆಲ್ಲ ಅರ್ಜಿ ಹಾಕಬೇಕು, ಕಾಯಬೇಕು. ಆದರೆ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ ಓದಿ. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲಾದವನಿಗೆ ನಿಷೇಧ ಇದೆ. ಎಷ್ಟು ದಿನ? ಶಿಕ್ಷೆ ಮುಗಿದ ಮೇಲೆ ಐದು ವರ್ಷ. ಅಷ್ಟೇ. ಆಮೇಲೆ ಕೊಡಬೇಕೋ ಬೇಡವೋ ಅಂತ ಅಧಿಕಾರಿ ನೋಡುತ್ತಾನೆ, ಆದರೆ ಕಾನೂನು ಬಾಗಿಲಿಗೆ ಶಾಶ್ವತ ಬೀಗ ಜಡಿದಿಲ್ಲ. ಬಂದೂಕನ್ನು ಹಕ್ಕು ಅಂತ ಸಂವಿಧಾನದಲ್ಲಿ ಬರೆದುಕೊಂಡ ದೇಶ ಜೀವನಪೂರ್ತಿ ಕಿತ್ತುಕೊಳ್ಳುತ್ತದೆ. ಹಕ್ಕೇ ಅಲ್ಲ ಅನ್ನುವ ದೇಶ ಐದು ವರ್ಷಕ್ಕೆ ಗೆರೆ ಎಳೆಯುತ್ತದೆ. ವಿಚಿತ್ರ ಅಲ್ವಾ?

2025ರಲ್ಲಿ ಅಮೆರಿಕದ ಆ ಹಳೇ ಬಾಗಿಲು ಮತ್ತೆ ಕಿರ್ರೆಂದಿತು. ಮಾರ್ಚ್‌ನಲ್ಲಿ ನ್ಯಾಯ ಇಲಾಖೆ ಜಾಣತನ ಮಾಡಿತು. ಬಜೆಟ್ ಸಾಲು ಕಟ್ಟಿಹಾಕಿದ್ದು ಬಂದೂಕು ನಿಯಂತ್ರಣ ಇಲಾಖೆಯನ್ನು ತಾನೇ? ಆ ಅಧಿಕಾರವನ್ನು ಅಟಾರ್ನಿ ಜನರಲ್ ತಮ್ಮ ಕೈಗೇ ವಾಪಸ್ ತೆಗೆದುಕೊಂಡರು. ಮೊದಲ ಕಂತಿನಲ್ಲಿ ಹತ್ತು ಜನರಿಗೆ ಹಕ್ಕು ಮರಳಿತು. ಅದರಲ್ಲಿ ಒಬ್ಬರು ಯಾರು? ಸಿನಿಮಾ ನಟ ಮೆಲ್ ಗಿಬ್ಸನ್. ಅವರ 2011ರ ಪ್ರಕರಣ ಆಗಿನ ಸಂಗಾತಿಯ ಮೇಲೆ ಕೈ ಮಾಡಿದ್ದು. ಇದಕ್ಕೆ ಶಿಫಾರಸು ಮಾಡಲು ಒಪ್ಪದ್ದಕ್ಕೇ ಕೆಲಸ ಹೋಯಿತು ಅಂತ ಕ್ಷಮಾದಾನ ವಿಭಾಗದ ಮುಖ್ಯಸ್ಥೆ ಎಲಿಜಬೆತ್ ಓಯರ್ ಹೇಳಿದರು; ಇಲಾಖೆ ಅಲ್ಲಗಳೆಯಿತು. ಸತ್ಯ ಏನೇ ಇರಲಿ, ಸರದಿಯಲ್ಲಿ ದಶಕಗಳಿಂದ ನಿಂತ ಚೆಕ್ ಮೋಸದವರು, ಕೂಪನ್‌ನವರು ಎಷ್ಟು ಲಕ್ಷ ಜನ! ಬಾಗಿಲು ತೆರೆದಾಗ ಮೊದಲ ಹತ್ತರಲ್ಲೇ ಒಬ್ಬ ಸಿನಿಮಾ ನಟ. 1965ರಲ್ಲಿ ಕಂಪನಿ, 2025ರಲ್ಲಿ ನಟ. ಅರವತ್ತು ವರ್ಷದಲ್ಲಿ ಪಾಠ ಕಲಿತಿಲ್ಲ.

ಹಾಗಾದರೆ ನನ್ನ ಅಭಿಪ್ರಾಯ ಏನು? ಹೇಳಿಬಿಡ್ತೀನಿ. ಬಂದೂಕಿನ ಅಭಿಮಾನಿ ನಾನಲ್ಲ. ಅಮೆರಿಕದ ಬೀದಿಗಳಲ್ಲಿ ಬಂದೂಕು ಕಮ್ಮಿಯಾದಷ್ಟೂ ಒಳ್ಳೆಯದು ಅನ್ನುವವನು. ಆದರೆ ಕಮ್ಮಿ ಮಾಡುವ ಭಾರವನ್ನು ಯಾವತ್ತೋ ಒಂದು ಸುಳ್ಳು ಅರ್ಜಿ ಬರೆದವನ ತಲೆಯ ಮೇಲೆ ಜೀವನಪೂರ್ತಿ ಹೊರಿಸುವುದು ನ್ಯಾಯವಲ್ಲ. ಹಿಂಸೆಯಿಲ್ಲದ ಅಪರಾಧಕ್ಕೆ ಒಂದು ಅವಧಿ ಇರಲಿ. ಐದೋ, ಹತ್ತೋ ವರ್ಷ. ಅವಧಿ ಮುಗಿದ ಮೇಲೆ ಒಬ್ಬ ನ್ಯಾಯಾಧೀಶ ಆ ಮನುಷ್ಯನ ಮುಖ ನೋಡಿ, ಮಧ್ಯದ ವರ್ಷಗಳನ್ನು ನೋಡಿ ತೀರ್ಮಾನ ಮಾಡಲಿ. ಹೊಡೆದವನಿಗೆ, ಬೆದರಿಸಿದವನಿಗೆ, ಹೆಂಡತಿಯ ಮೇಲೆ ಕೈ ಮಾಡಿದವನಿಗೆ ಬಿಗಿ ಇರಲಿ. ಆಗಲ್ಲ ಅನ್ನುವುದಾದರೆ ಕಾರಣ ಬರೆದುಕೊಡಲಿ, ಅದರ ಮೇಲೆ ಮೇಲ್ಮನವಿ ಇರಲಿ. ಮಂತ್ರಿಗಳ ಮರ್ಜಿಯ ಪಟ್ಟಿ ಮಾತ್ರ ಬೇಡ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮ ಹಿರಿಯರು ಎಚ್ಚರಿಸಿದ್ದು ಮನುಷ್ಯರಿಗೆ, ತಪ್ಪು ಮಾಡಬೇಡಿ ಅಂತ. ಸರ್ಕಾರಗಳು ಅದನ್ನೇ ಕಾಯ್ದೆ ಮಾಡಿಕೊಂಡರೆ ಜೈಲು ಇರುವುದಾದರೂ ಯಾಕೆ, ಶಿಕ್ಷೆಗೆ ಇಷ್ಟು ವರ್ಷ ಅಂತ ಲೆಕ್ಕ ಬರೆಯುವುದಾದರೂ ಯಾಕೆ? ಲೆಕ್ಕ ಬರೆದ ಮೇಲೆ ಒಂದು ದಿನ ಅದು ಚುಕ್ತಾ ಆಗಲೇಬೇಕು. ಚುಕ್ತಾ ಆಗದ ಲೆಕ್ಕಕ್ಕೆ ನಮ್ಮ ಹಳ್ಳಿಗಳಲ್ಲಿ ಬೇರೆಯದೇ ಹೆಸರಿತ್ತು. ಅದಕ್ಕೆ ಜೀತ ಅಂತಿದ್ದರು.